ಸೋದರಮಾವನ ಆಯೇರಿ

ತಿಂಗಳಿಗೆ ಕೊಡುವ ನಾಲ್ಕು ಸಾವಿರವನ್ನು ಒಂದು ಸಾವಿರಕ್ಕೆ ಇಳಿಸಿಕೊಡಿ ಎಂದು ರವಿಕುಮಾರ ಯಲಬುರ್ಗಾದ ಕೋರ್ಟಿಗೆ ಅರ್ಜಿ ಹಾಕಿದ್ದ. ಯಾರಿಗೆ ಕೊಡುವ ನಾಲ್ಕು ಸಾವಿರ? ಸ್ವಂತ ಮಗಳಿಗೆ! ಅದನ್ನಾದರೂ ನೆಟ್ಟಗೆ ಕೊಟ್ಟವನೇ ಅಂದರೆ ಅದೂ ಇಲ್ಲ. ಎರಡು ತಿಂಗಳು ತಪ್ಪಿಸಿ, ವಾರಂಟು ಅಂದ ಕೂಡಲೇ ಮೂರನೆಯ ತಿಂಗಳು ಬಂದು ಎಸೆದು ಹೋಗುವ ಗಿರಾಕಿ. ಈಗ ಆ ಎಸೆಯುವುದೂ ಭಾರವಾಗಿತ್ತು ಮಹಾರಾಯನಿಗೆ.

ಅರ್ಜಿಯ ನಕಲನ್ನು ವಕೀಲೆ ಮಹೇಶ್ವರಿ ಓದಿ ಹೇಳುತ್ತಿದ್ದರೆ, ನೇತ್ರಾವತಿ ಕೋರ್ಟಿನ ಕಟ್ಟೆಯ ಮೇಲೆ ಕೂತು ಹಲ್ಲು ಕಡಿಯುತ್ತಿದ್ದಳು. ಅವಳು ಕುಕನೂರಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರುವವಳು. ದಿನಕ್ಕೆ ಇನ್ನೂರು ರೊಟ್ಟಿ ಬಡಿದು ಬಡಿದು ಅಂಗೈ ಕಲ್ಲಾಗಿತ್ತು. ಆ ಅಂಗೈ ಈಗ ಬಿಟ್ಟ ಗಂಡನ ಕೆನ್ನೆಯನ್ನು ನೆನೆದು ತುರಿಸುತ್ತಿತ್ತು.

ಸಂಗತಿ ಇಷ್ಟು. ಕೊಪ್ಪಳದ ಹತ್ತಿರದ ಒಂದು ಕಬ್ಬಿಣದ ಫ್ಯಾಕ್ಟರಿಯಲ್ಲಿ ರವಿಕುಮಾರ ಹದಿನಾರು ವರ್ಷ ದುಡಿದಿದ್ದ. ಹೋದ ವರ್ಷ ಫ್ಯಾಕ್ಟರಿಯವರು ಒಂದು ಕುಲುಮೆ ಮುಚ್ಚಿ, ಕಾಯಂ ಕೆಲಸಗಾರರ ಕೈಗೆ ಇಡಿಗಂಟು ಕೊಟ್ಟು ಮನೆಗೆ ಕಳಿಸಿದರು. ಇವನ ಪಾಲಿಗೆ ಒಂಬತ್ತು ಲಕ್ಷ ಬಂತು. ಅರ್ಜಿಯಲ್ಲಿ ಅದನ್ನು ಮುಚ್ಚಿಟ್ಟಿರಲಿಲ್ಲ. ಮುಚ್ಚಿಡದೆಯೇ ಇಲ್ಲ ಅನ್ನಿಸಿದ್ದ. 'ನನಗೆ ಈಗ ಸಂಬಳವಿಲ್ಲ. ಕಂಪನಿ ಕೊಟ್ಟದ್ದು ಒಂದೇ ಸಲದ ಪರಿಹಾರ, ಅದು ಆದಾಯವಲ್ಲ. ಅದೂ ಸಾಲಕ್ಕೆ ಹೋಗಿ ತೀರಿದೆ' ಎಂದು ಪ್ರಮಾಣ ಮಾಡಿ ಸಹಿ ಹಾಕಿದ್ದ.

"ಒಂದಽ ಸಲ ಬಂದದ್ದು ಆದಾಯ ಅಲ್ಲಂತ?" ನೇತ್ರಾವತಿಯ ದನಿ ಏರಿತು. "ಹಂಗಾದ್ರ ಏಳು ವರ್ಷದ ಹಿಂದ ನನ್ನ ಕೈಯಾಗ ಒಂದಽ ಸಲ ಇಟ್ಟನಲ್ಲ, ಅದು ಏನ್ರಿ ಮೇಡಂ?"

ಅದೊಂದು ಹಳೆಯ ಗಾಯ. ಏಳು ವರ್ಷದ ಹಿಂದೆ ಅವನು ಅವಳನ್ನು ಬಿಟ್ಟಾಗ ಊರ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ಛಾಪಾ ಕಾಗದ ಬರೆಸಿದ್ದರು. ಒಂದು ಲಕ್ಷ ಒಂದೇ ಸಲ ಕೊಡುವುದು, ಮುಂದೆ ತಾಯಿಯಾಗಲಿ ಮಗಳಾಗಲಿ ಒಂದು ಪೈಸೆ ಕೇಳಬಾರದು. ಮಗಳು ಅಂಜಲಿಗೆ ಆಗ ಎಂಟು ವರ್ಷ. ಆ ಒಂದು ಲಕ್ಷ ಬಾಡಿಗೆ ಮನೆಯ ಅಡ್ವಾನ್ಸಿಗೆ, ಹುಡುಗಿಯ ಜ್ವರಕ್ಕೆ ಎರಡು ವರ್ಷದಲ್ಲಿ ಕರಗಿಹೋಯಿತು. ಆಮೇಲೆ ನೇತ್ರಾವತಿ ಕೋರ್ಟು ಹತ್ತಿ ಮಗಳಿಗೆ ನಾಲ್ಕು ಸಾವಿರ ಮಾಡಿಸಿಕೊಂಡಿದ್ದಳು. ರವಿಕುಮಾರ ಮಾತ್ರ ಇವತ್ತಿಗೂ ಪ್ರತಿ ತಾರೀಖಿಗೆ ಆ ಛಾಪಾ ಕಾಗದವನ್ನು ಜೇಬಿನಿಂದ ತೆಗೆದು ತೋರಿಸುತ್ತಿದ್ದ.

"ಅಂವ ಕೊಟ್ಟ ಒಂದು ಲಕ್ಷ ಹುಡುಗಿ ಮುದುಕಿ ಆಗೂತನ ಉಣ್ಣಾಕ ಸಾಕು. ಅವಂಗ ಬಂದ ಒಂಬತ್ತು ಲಕ್ಷ ಮಾತ್ರ ಲೆಕ್ಕಕ್ಕಽ ಇಲ್ಲ. ಭಾಳ ಛಲೋ ನ್ಯಾಯ ಬಿಡ್ರಿ!"

"ಅಕ್ಕಾರ, ಇದನ್ನಽ ಸಾಹೇಬ್ರ ಮುಂದ ಹೇಳೋಣ," ಅಂದಳು ಮಹೇಶ್ವರಿ. ವಯಸ್ಸಿನಲ್ಲಿ ಸಣ್ಣವಳು, ತಲೆ ಮಾತ್ರ ತಣ್ಣಗಿತ್ತು. "ಬ್ಯಾಂಕಿನ ಕಾಗದ ತರಿಸಾಕ ಅರ್ಜಿ ಹಾಕ್ತೀನಿ. ರೊಕ್ಕ ಉಳದಿದ್ರ, ಐದು ಲಕ್ಷ ಮಗಳ ಹೆಸರಿಲೆ ಠೇವಣಿ ಇಡಸ್ರಿ ಅಂತ ಕೇಳ್ತೀನಿ. ಐದು ವಾರ ತಡೀರಿ. ಅಲ್ಲಿತನ ಅವನ ತಂಟೆಕ ಹೋಗಬ್ಯಾಡ್ರಿ."

ಐದು ಲಕ್ಷ ಅಂದರೆ ನೇತ್ರಾವತಿಗೆ ಒಂದೇ ಅರ್ಥ: ಗಂಗಾವತಿ. ಅಂಜಲಿ ಹತ್ತನೆಯ ಪರೀಕ್ಷೆ ಬರೆದು ಕೂತಿದ್ದಳು. ಗಂಗಾವತಿಯ ಕಾಲೇಜಿನಲ್ಲಿ ಸೈನ್ಸ್ ಓದಬೇಕು, ಹಾಸ್ಟೆಲಿನಲ್ಲಿ ಇರಬೇಕು ಎಂದು ಎರಡು ವರ್ಷದಿಂದ ಜಪ. ಫೀಸು, ಹಾಸ್ಟೆಲು, ಪುಸ್ತಕ ಅಂತ ವರ್ಷಕ್ಕೆ ಲಕ್ಷದ ಹತ್ತಿರ ಹತ್ತಿರ. ರೊಟ್ಟಿ ಬಡಿದು ಅದು ಆಗುವ ಮಾತಲ್ಲ. ಅಪ್ಪನ ರೊಕ್ಕ ಬಂದರೆ ಗಂಗಾವತಿ, ಬರದಿದ್ದರೆ ಇಲ್ಲ. ಅಂಜಲಿಗೂ ಅದು ಗೊತ್ತಿತ್ತು.

ಆದರೆ ಐದು ವಾರ! ಸಿಟ್ಟು ತಲೆಗೇರಿದವಳಿಗೆ ಐದು ದಿನ ಕೂಡುವುದೇ ಕಷ್ಟ. ನೇತ್ರಾವತಿಗೆ ರೊಕ್ಕ ಬೇಕಿತ್ತು, ಹೌದು. ಅದಕ್ಕಿಂತ ಮೊದಲು ಅವನ ಮುಖ ಹತ್ತು ಜನರ ಮುಂದೆ ಕಪ್ಪಿಡುವುದನ್ನು ನೋಡಬೇಕಿತ್ತು. ಏಳು ವರ್ಷ ಅವಳು ತಲೆ ತಗ್ಗಿಸಿ ಕುಕನೂರಿನ ಓಣಿಯಲ್ಲಿ ತಿರುಗಿದ್ದಳು. ಒಮ್ಮೆಯಾದರೂ ಅವನ ತಲೆ ತಗ್ಗಲಿ, ಆಮೇಲೆ ಬ್ಯಾಂಕಿನ ಕಾಗದ ಬೇಕಾದಾಗ ಬರಲಿ ಎಂಬುದು ಅವಳ ಹೊಟ್ಟೆಯೊಳಗಿನ ಮಾತು.

ದಾರಿ ತೋರಿಸಿದವನು ಟಿಪ್ಪುಸಾಬ. ಪಾಪ, ತೋರಿಸಿದೆನೆಂದು ಅವನಿಗೇ ಗೊತ್ತಿಲ್ಲ. ಕುಕನೂರಿನ ಮೈಕ್‌ಸೆಟ್ಟಿನವನು, ಶೂಟಿಂಗೂ ಅವನದೇ, ಸುತ್ತಲಿನ ಮದುವೆ ಮುಂಜಿಗಳಲ್ಲಿ ಆಯೇರಿ ಕೂಗುವುದಕ್ಕೆ ಅವನ ಗಂಟಲೇ ಬೇಕು. ರೊಟ್ಟಿ ಕಟ್ಟಿಸಿಕೊಳ್ಳಲು ಬಂದವನು ಅಂದ: "ಬರೋ ಶುಕ್ರವಾರ ಕಾರಟಗ್ಯಾಗ ಜಾವಳ ಐತವಾ ತಂಗಿ, ನಿನ್ನ ನಾದಿನಿ ಹುಲಿಗೆಮ್ಮನ ಮಗಂದು. ಭರ್ಜರಿ ಮಾಡಾಕತ್ಯಾರ."

ನೇತ್ರಾವತಿಯ ಕೈ ಹಿಟ್ಟಿನಲ್ಲೇ ನಿಂತಿತು. ಹುಡುಗನ ಮೊದಲ ಕೂದಲು ತೆಗೆಸುವ ಜಾವಳ ಅಂದರೆ ಸೋದರಮಾವನ ದಿನ, ಹುಲಿಗೆಮ್ಮನ ಅಣ್ಣ ರವಿಕುಮಾರನ ದಿನ. ಹುಡುಗನನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುವವನು ಅವನು, ಎಲ್ಲರಿಗಿಂತ ಮೇಲಾದ ಆಯೇರಿ ಕೊಡಬೇಕಾದವನೂ ಅವನು. ಯಾರು ಏನು ಉಡುಗೊರೆ ಕೊಟ್ಟರು ಎಂದು ಹೆಸರು ಹಿಡಿದು ಮೈಕಿನಲ್ಲಿ ಕೂಗುತ್ತಾರೆ, ಊರೆಲ್ಲ ಕೇಳುತ್ತದೆ. ಆಯೇರಿಯ ತಾಟು ಹಿಡಿದು ಬಂದವರನ್ನು, ಕರೆಯದೆ ಬಂದಿದ್ದರೂ, ಯಾವ ಮನೆಯವರೂ ಬಾಗಿಲಿಂದ ತಿರುಗಿಸುವುದಿಲ್ಲ.

ಮರುದಿನವೇ ಅವಳು ತವರಿನವರು ಹಾಕಿದ್ದ ಬೋರಮಾಳ ಸರವನ್ನು ಪತ್ತಾರನ ಮುಂದಿಟ್ಟು, ಅದನ್ನು ಕರಗಿಸಿ ಹುಡುಗರು ಹಾಕುವ ಸರ ಮಾಡಿಸಿದಳು. ಅರ್ಧ ತೊಲೆ. ಅವಳ ಮೈಮೇಲೆ ಉಳಿದಿದ್ದ ಬಂಗಾರ ಅದೊಂದೇ. ಕರಗುವಾಗ ಕಣ್ಣು ತುಂಬಿತು, ಆದರೂ ಮನಸ್ಸು ಕುಣಿಯಿತು.

ಶುಕ್ರವಾರ ಬೆಳಿಗ್ಗೆ ಹುಲಿಗಿಯ ಗುಡಿಯಲ್ಲಿ ದೇವಿಯ ಮುಂದೆ ಕೂದಲು ತೆಗೆಸಿಕೊಂಡು ಬಂದು, ಮಧ್ಯಾಹ್ನ ಕಾರಟಗಿಯ ಮನೆಯ ಮುಂದೆ ಪೆಂಡಾಲು ಹಾಕಿ ಊಟ. ಹುಲಿಗೆಮ್ಮನ ಗಂಡ ಎರಡು ಲಾರಿ ಇಟ್ಟಿದ್ದವನು, ರೈಸ್ ಮಿಲ್ಲುಗಳ ಜನರೆಲ್ಲ ಸೇರಿದ್ದರು. ಬೋಳುತಲೆಯ ಹುಡುಗ ರವಿಕುಮಾರನ ತೊಡೆಯ ಮೇಲೆ ಕೂತು ಅಳುತ್ತಿತ್ತು. ರವಿಕುಮಾರ ಹೊಸ ಬಿಳಿ ಅಂಗಿಯಲ್ಲಿ ಬೆಣ್ಣೆ ಕದ್ದ ಬೆಕ್ಕಿನಂತೆ ಕೂತಿದ್ದ. ಕೋರ್ಟಿನ ಭಯಕ್ಕೆ ಕಾಲು ತೊಲೆಯ ಒಂದು ಉಂಗುರ ಮಾತ್ರ ಕೊಟ್ಟಿದ್ದ. ಟಿಪ್ಪುಸಾಬ ಅದನ್ನು ಆಗಲೇ ಕೂಗಿಯಾಗಿತ್ತು.

ನೇತ್ರಾವತಿ ಇಳಕಲ್ ಸೀರೆ ಉಟ್ಟು, ತಾಟಿನಲ್ಲಿ ಕುಪ್ಪಸ, ಕಾಯಿ, ಸರ ಇಟ್ಟುಕೊಂಡು ಪೆಂಡಾಲಿನ ನಟ್ಟನಡುವೆ ನಡೆದುಬಂದಳು. ಹುಲಿಗೆಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಯಾರೂ ಬೇಡವೆನ್ನಲಿಲ್ಲ.

"ಕುಕನೂರಿನ ನೇತ್ರಾವತಿ, ಹುಡುಗನ ಅತ್ತಿ, ಇವರಿಂದ ಅರ್ಧ ತೊಲಿ ಬಂಗಾರದ ಸರ ಆಯೇರಿ ಬಂದೈತ್ರಿ!" ಎಂದು ಟಿಪ್ಪುಸಾಬ ಕೂಗಿದ.

ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಮುದುಕಿಯೊಬ್ಬಳು ತಡೆಯದೆ ದೊಡ್ಡದಾಗಿಯೇ ಅಂದಳು: "ಅಲ್ಲವಾ, ಸೋದರಮಾವಂದು ಕಾಲ ತೊಲಿ, ಅಂವ ಬಿಟ್ಟ ಹೆಂಡ್ತಿದು ಅರ್ಧ ತೊಲಿ!"

ರವಿಕುಮಾರನ ಮುಖ ಕೆಂಪಾಯಿತು. "ನಂದು ಒಂದು ತೊಲಿ ಬರಕೋರಿ," ಅಂದ, ಕೂತಲ್ಲಿಂದಲೇ.

ನೇತ್ರಾವತಿ ಇದಕ್ಕೇ ಕಾದಿದ್ದಳು. ಸೆರಗಿನ ಗಂಟಿನಿಂದ ಐದುನೂರ ಒಂದು ರೂಪಾಯಿ ತೆಗೆದು ಟಿಪ್ಪುಸಾಬನ ಕೈಗಿಟ್ಟು, ಕಿವಿಯಲ್ಲಿ ಏನೋ ಹೇಳಿದಳು. ಅವನು ಗಾಬರಿಯಾಗಿ, "ತಂಗಿ, ಇದನ್ನ ಕೂಗಬೇಕಾ?" ಅಂದ. "ಕೂಗ್ರಿ ಅಣ್ಣಾರ. ಕೊಟ್ಟಾಕಿ ನಾ, ನಾ ಹೇಳಿದಂಗ ಕೂಗಬೇಕು." ಅವನು ಗಂಟಲು ಸರಿಮಾಡಿಕೊಂಡ.

"ರವಿಕುಮಾರನ ಮಗಳು ಅಂಜಲಿ, ಇವರಿಂದ ಐದನೂರಾ ಒಂದು ರೂಪಾಯಿ ಆಯೇರಿ! ಅಪ್ಪ ಕೊಡೋ ಜೀವನಾಂಶದಾಗ ಉಳಿಸಿದ್ದಂತ್ರಿ. ಇನ್ನ ಮುಂದ ತಿಂಗಳಿಗೆ ಒಂದಽ ಸಾವಿರ ಕೊಡ್ತೀನಿ ಅಂತ ಅಪ್ಪ ಕೋರ್ಟಿಗೆ ಬರಕೊಟ್ಟಾನಂತ, ಅದಕ್ಕ ಇಷ್ಟಽ ಆತು, ಮಾವಾರು ಬ್ಯಾಸರ ಮಾಡ್ಕೋಬಾರದಂತ್ರಿ!"

ಅಯ್ಯೋ, ಆ ನಗು! ಮೊದಲು ಹಿಂದೆ ಕೂತ ಲಾರಿಯ ಹುಡುಗರು ನಕ್ಕರು, ಆಮೇಲೆ ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಹುಲಿಗೆಮ್ಮನ ಗಂಡ ಮುಖ ಆಚೆ ತಿರುಗಿಸಿದ. ರವಿಕುಮಾರ ಹುಡುಗನನ್ನು ತಂಗಿಯ ಮಡಿಲಿಗೆ ಹಾಕಿ, ಎದ್ದು ಬಂದವನೇ ಟಿಪ್ಪುಸಾಬನ ಕೈಯಿಂದ ಮೈಕು ಕಿತ್ತುಕೊಂಡ.

"ಯಾರ ನಕ್ಕವರು? ನನಗ ಫ್ಯಾಕ್ಟರಿಯವರು ಒಂಬತ್ತು ಲಕ್ಷ ಎಣಿಸ್ಯಾರ! ಬ್ಯಾಂಕಿನ್ಯಾಗ ಇನ್ನೂ ಬಿದ್ದಾವ! ರೊಟ್ಟಿ ಮಾರಾಕಿ ಮುಂದ ಕೈ ಕಟ್ಟಿ ನಿಲ್ಲೋ ಮಗ ಅಲ್ಲ ನಾ. ಬರೀರಿ, ಸೋದರಮಾವಂದು ಐದು ತೊಲಿ! ಐದು!"

ಸಿಳ್ಳೆ ಬಿತ್ತು. ಶೂಟಿಂಗಿನ ಕ್ಯಾಮೆರಾ ಅವನ ಮುಖದ ಮೇಲೇ ಇತ್ತು. ನೇತ್ರಾವತಿ ತಾಟು ಕೆಳಗಿಟ್ಟು, ಊಟದ ಪಂಕ್ತಿಗೆ ಹೋಗಿ, ಕೇಳಿ ಕೇಳಿ ಮೂರು ಹೋಳಿಗೆ ತಿಂದಳು. ಏಳು ವರ್ಷದಲ್ಲಿ ಅಷ್ಟು ರುಚಿಯಾದ ಊಟ ಅವಳು ಉಂಡಿರಲಿಲ್ಲ.

ಮೈಕಿನಲ್ಲಿ ಕೂಗಿದ ಆಯೇರಿ ಕೊಡದೆ ಇರುವಂತಿಲ್ಲ. ಕೊಡದಿದ್ದರೆ ತಂಗಿ ಗಂಡನ ಮನೆಯಲ್ಲಿ ತಲೆ ಎತ್ತುವಂತಿಲ್ಲ. ಹುಲಿಗೆಮ್ಮ ದಿನಕ್ಕೆರಡು ಸಲ ಫೋನು ಮಾಡಿದಳು. ಎಂಟನೆಯ ದಿನ ಐದು ತೊಲೆಯ ಗಟ್ಟಿ ಸರ ಹಾಕಿಕೊಂಡ ಬೋಳುತಲೆಯ ಹುಡುಗನ ಫೋಟೋ ಎಲ್ಲರ ಮೊಬೈಲಿನಲ್ಲೂ ಬಂತು. ಆಮೇಲೆ ರವಿಕುಮಾರನ ವಕೀಲರು ವಿರೂಪಾಕ್ಷಪ್ಪನವರು, ಕೇಸಿನ ನಡುವೆ ಬಂಗಾರ ಕೊಂಡದ್ದಕ್ಕೆ ಅವನನ್ನು ಬಾಯಿಗೆ ಬಂದಂತೆ ಬೈದರಂತೆ. ಅವನು ಕಾರಟಗಿಗೆ ಓಡಿ, "ಮೂರು ತೊಲಿ ತಿರುಗಿ ಕೊಡವಾ" ಅಂದನಂತೆ. "ಐದೂರ ಜನ ಕೇಳಿದ್ದು ವಾಪಸ್ ಇಸಗೋತಿಯಾ? ನಾಚಿಕಿ ಬರೂದಿಲ್ಲೇನಣ್ಣಾ?" ಎಂದು ತಂಗಿ ಬಾಗಿಲು ಹಾಕಿಕೊಂಡಳಂತೆ. ಟಿಪ್ಪುಸಾಬ ಇದನ್ನು ಹೇಳಿದ ದಿನ ನೇತ್ರಾವತಿ ಅವನಿಗೆ ರೊಟ್ಟಿಯ ದುಡ್ಡು ಹಿಡಿಯಲಿಲ್ಲ. ಜಾವಳದ ಶೂಟಿಂಗನ್ನೂ ಅವನಿಂದ ಮೊಬೈಲಿಗೆ ಹಾಕಿಸಿಕೊಂಡಳು.

ಮಗಳಿಗೆ ಅದನ್ನು ಎರಡೆರಡು ಸಲ ತೋರಿಸಿದಳು. ಅಂಜಲಿ ನಗಲಿಲ್ಲ.

"ನನ್ನ ಹೆಸರು ಯಾಕ ಹಾಕಿದಿ ಅವ್ವಾ?"

"ಹಾಕಿದ್ರ ಏನಾತು? ನಿಮ್ಮಪ್ಪನ ಮಾರಿ ನೋಡಿದೇನು, ಹೆಂಗಾಗೇತಿ!"

ಮಹೇಶ್ವರಿ ಮಾತ್ರ ವಿಡಿಯೋ ನೋಡಿ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ಕೇಳಿದಳು: "ಬಂಗಾರ ಖರೇನ ಕೊಟ್ಟಾನೇನ್ರಿ?" "ಕೊಟ್ಟಾನ್ರಿ! ಕೊಡದಽ ಎಲ್ಲಿ ಹೋಗ್ತಾನ?" ಎಂದು ನೇತ್ರಾವತಿ ಉಬ್ಬಿ ಹೇಳಿದಳು. ಮಹೇಶ್ವರಿ ಠೇವಣಿಯ ಅರ್ಜಿಯ ನಕಲನ್ನು ತೆಗೆದು ಮತ್ತೊಮ್ಮೆ ಓದತೊಡಗಿದಳು.

ತಾರೀಖಿನ ದಿನ ಅಂಜಲಿಯೂ ಬಂದಿದ್ದಳು. ಫಲಿತಾಂಶ ಬಂದು, ನೂರಕ್ಕೆ ತೊಂಬತ್ತೊಂದು ತೆಗೆದಿದ್ದಳು. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಹಿಂದಿನ ಬೆಂಚಿನಲ್ಲಿ ಕೂತಳು.

ವಿರೂಪಾಕ್ಷಪ್ಪನವರು ಛಾಪಾ ಕಾಗದ ಎತ್ತಿ ಹಿಡಿದು, ಒಂದೇ ಸಲಕ್ಕೆ ಎಲ್ಲ ತೀರಿದೆ ಎಂದರು. ಕಂಪನಿಯ ಹಣ ಪರಿಹಾರ, ಸಂಬಳವಲ್ಲ, ತಿಂಗಳು ತಿಂಗಳು ಬರುವುದಲ್ಲ ಎಂದರು. ನೇತ್ರಾವತಿಗೆ ತಡೆಯಲಾಗಲಿಲ್ಲ, ಎದ್ದೇ ನಿಂತಳು. "ಸಾಹೇಬ್ರ, ನಾ ಒಮ್ಮೆ ತಗೊಂಡದ್ದು ಹತ್ತು ವರ್ಷದ ಕೂಳು, ಅಂವ ಒಮ್ಮೆ ತಗೊಂಡದ್ದು ಕೂಳಽ ಅಲ್ಲ. ಎರಡಕ್ಕೂ ಒಂದಽ ತಕ್ಕಡಿ ಹಿಡೀರಿ!" ನ್ಯಾಯಾಧೀಶರು ಕೂಡಲು ಸನ್ನೆ ಮಾಡಿದರು, ಗದರಲಿಲ್ಲ.

ವಿಡಿಯೋ ಓಡಿತು. 'ಬ್ಯಾಂಕಿನ್ಯಾಗ ಇನ್ನೂ ಬಿದ್ದಾವ' ಎಂಬ ಮಾತು ಕೋರ್ಟಿನಲ್ಲಿ ಗಟ್ಟಿಯಾಗಿ ಕೇಳಿಸಿತು. ಕ್ಲಾರ್ಕು ತಲೆ ತಗ್ಗಿಸಿ ನಗು ನುಂಗಿದ. ರವಿಕುಮಾರ ನೆಲ ನೋಡುತ್ತಿದ್ದ. ಆಹಾ, ಆ ತಗ್ಗಿದ ತಲೆಯನ್ನು ನೇತ್ರಾವತಿ ಕಣ್ಣು ತುಂಬ ನೋಡಿದಳು.

"ತಾಯಿ ತನ್ನ ಪಾಲು ಬಿಟ್ಟುಕೊಡಬಹುದು. ಮಗುವಿನ ಅನ್ನವನ್ನು ಯಾರೂ ಬರೆದುಕೊಡುವಂತಿಲ್ಲ," ಎಂದರು ನ್ಯಾಯಾಧೀಶರು. "ಇನ್ನು ಈ ಇಡಿಗಂಟು. ಮುಂದೆ ದುಡಿಯಬೇಕಾಗಿದ್ದ ವರ್ಷಗಳ ಬದಲಿಗೆ ಕಂಪನಿ ಇದನ್ನು ಕೊಟ್ಟಿದೆ. ಆ ವರ್ಷಗಳಲ್ಲಿ ತಂದೆ ಉಣ್ಣುವುದು ಇದರಿಂದಲೇ ಆದರೆ, ಮಗಳೂ ಇದರಿಂದಲೇ ಉಣ್ಣಬೇಕು. ಇದನ್ನು ಲೆಕ್ಕಕ್ಕೆ ಹಿಡಿಯುತ್ತೇನೆ. ಕಡಿಮೆ ಮಾಡಬೇಕೆಂಬ ಅರ್ಜಿ ವಜಾ."

ನೇತ್ರಾವತಿ ಮಗಳ ಕಡೆ ತಿರುಗಿ ನೋಡಿದಳು. ಅಂಜಲಿಯ ಮುಖ ಅರಳಿತ್ತು.

"ಐದು ಲಕ್ಷ ಮಗಳ ಹೆಸರಿಗೆ ಇಡಿಸಬೇಕೆಂದು ಕೇಳಿದ್ದೀರಿ," ಎಂದು ನ್ಯಾಯಾಧೀಶರು ಬ್ಯಾಂಕಿನ ಕಾಗದ ತಿರುವಿದರು. "ಜಾವಳದ ದಿನ ಖಾತೆಯಲ್ಲಿ ಆರು ಲಕ್ಷ ಇಪ್ಪತ್ತು ಸಾವಿರ ಇತ್ತು. ಏಳು ದಿನದ ಮೇಲೆ ಐದು ಲಕ್ಷ ಎಪ್ಪತ್ತು ಸಾವಿರ ಬಂಗಾರದ ಅಂಗಡಿಗೆ ಹೋಗಿದೆ. ಈಗ ಇರುವುದು ನಲವತ್ತೊಂದು ಸಾವಿರ. ಇದ್ದಿದ್ದರೆ ಇಡಿಸುತ್ತಿದ್ದೆ. ಬಂಗಾರ ಈಗ ಬೇರೆ ಮನೆಯ ಹುಡುಗನದು, ಈ ಅರ್ಜಿಯಲ್ಲಿ ಅದನ್ನು ನಾನು ಮುಟ್ಟಲಾರೆ. ಉಳಿದ ನಲವತ್ತೊಂದು ಸಾವಿರ ಮಗಳ ಹೆಸರಿಗೆ ಇಡಲಿ. ತಿಂಗಳಿಗೆ ನಾಲ್ಕು ಸಾವಿರ ಮುಂದುವರಿಯಲಿ."

ನೇತ್ರಾವತಿ ಈ ಸಲ ಮಗಳ ಕಡೆ ತಿರುಗಲಿಲ್ಲ.

ಹೊರಗೆ ಬಂದಾಗ ಮಹೇಶ್ವರಿ ಸಣ್ಣ ದನಿಯಲ್ಲಿ ಹೇಳಿದಳು, ಸುಳ್ಳು ಪ್ರಮಾಣಕ್ಕೆ ಅವನ ಮೇಲೆ ಕೇಸು ನಡೆಸಬಹುದು, ಜೈಲೂ ಆಗಬಹುದು. ಜೈಲಿನಿಂದ ರೊಕ್ಕವೇನೂ ಬರುವುದಿಲ್ಲ ಎಂದೂ ಹೇಳಿದಳು. ಅಷ್ಟರಲ್ಲಿ ರವಿಕುಮಾರ ಎದುರಿಗೆ ಬಂದ. ಗಡ್ಡ ಬೆಳೆದಿತ್ತು, ಬಿಳಿ ಅಂಗಿ ಮಾಸಿತ್ತು. ಆದರೂ ಹಲ್ಲು ಬಿಟ್ಟು ನಕ್ಕ.

"ಒಯ್ಯವಾ, ನಲವತ್ತೊಂದು ಸಾವಿರ ಒಯ್ಯಿ. ಉಳಿದದ್ದು ನಮ್ಮ ಅಳಿಯಗ ನೀನಽ ಕೊಡಿಸಿದ್ದೆಲ್ಲ. ನಾನು ಕಾಲ ತೊಲ್ಯಾಗ ಮುಗಿಸಾಂವ ಇದ್ದೆ."

ನೇತ್ರಾವತಿ ಅವನ ಮುಖಕ್ಕೆ ಉಗುಳಿದಳು. ಅವನು ಒರೆಸಿಕೊಂಡು, ಇನ್ನೂ ನಗುತ್ತಲೇ ಹೋದ. ಅವಳು ತಿರುಗಿದರೆ ಹಿಂದೆಯೇ ಅಂಜಲಿ ನಿಂತಿದ್ದಳು.

ಬಸ್ ಸ್ಟ್ಯಾಂಡಿನವರೆಗೆ ಹುಡುಗಿ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಕುಕನೂರಿನ ಬಸ್ಸಿಗೆ ಕಾಯುತ್ತ ನಿಂತಾಗ ಕೇಳಿದಳು: "ಅವ್ವಾ, ನೀ ಜಾವಳಕ್ಕ ಹೋಗದಿದ್ರ ಆ ರೊಕ್ಕ ಬ್ಯಾಂಕಿನ್ಯಾಗ ಇರತಿತ್ತೋ ಇಲ್ಲೋ?"

"ಹಾಳ ಮಾಡಿದಾಂವ ಅಂವ. ನನಗ್ಯಾಕ ಕೇಳ್ತಿ?"

"ಇರತಿತ್ತೋ ಇಲ್ಲೋ, ಅಷ್ಟ ಹೇಳು."

ನೇತ್ರಾವತಿಗೆ ಸಿಟ್ಟು ಬಂತು, ಕೈ ಕೂಡ ಮೇಲೆದ್ದಿತು. ಹುಡುಗಿ ಹಿಂದೆ ಸರಿಯಲಿಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಅವಳು ಸೆರಗು ಸರಿಮಾಡಿಕೊಂಡಳು. ಐದು ವಾರ ತಡೆಯಿರಿ ಎಂದಿದ್ದಳು ಮಹೇಶ್ವರಿ. ಐದೇ ವಾರ.

"ಇರತಿತ್ತು," ಅಂದಳು.

ಬಸ್ಸು ಬಂತು. ಹೆಂಗಸರ ಪುಕ್ಕಟೆ ಟಿಕೆಟ್ಟಿಗಾಗಿ ಇಬ್ಬರ ಆಧಾರ್ ಕಾರ್ಡೂ ಎಂದಿನಂತೆ ನೇತ್ರಾವತಿಯ ಚೀಲದಲ್ಲೇ ಇದ್ದವು. ಅಂಜಲಿ ಕೈ ಚಾಚಿ, "ನಂದು ನನಗ ಕೊಡು," ಅಂದಳು. ಕಾರ್ಡು ಇಸಿದುಕೊಂಡು ಹತ್ತಿ, ಮುಂದಿನ ಸೀಟಿನಲ್ಲಿ ಗುರುತಿಲ್ಲದ ಒಬ್ಬ ಹೆಂಗಸಿನ ಪಕ್ಕದಲ್ಲಿ ಕೂತಳು. ಕೂತ ಮೇಲೆ ಹಿಂದೆ ತಿರುಗಿ, ಸಿಟ್ಟಿಲ್ಲದೆ, ಸಂತೆಗೆ ಹೋಗಿ ಬರುತ್ತೇನೆ ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದಳು: "ಕುಕನೂರಾಗಽ ಆರ್ಟ್ಸಿಗೆ ಹೆಸರು ಹಚ್ಚತೀನಿ. ಅದಕ್ಕ ಯಾರ ರೊ‌ಕ್ಕಾನೂ ಬ್ಯಾಡ. ನಿನಗ ಅಪ್ಪನ ಮಾರಿ ನೋಡೂದಿತ್ತು, ನೋಡಿದೆಲ್ಲ."

ನೇತ್ರಾವತಿ ಹಿಂದಿನ ಸೀಟಿನಲ್ಲಿ ಕೂತು, ಇಡೀ ಬಸ್ಸು ನೋಡುತ್ತಿದ್ದಂತೆ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.